ದೂರದ ಮಾಲೀಕರ ಆಸ್ತಿ ನೋಡಿಕೊಳ್ಳುವವರಿಗೆ: ಸುಳ್ಳಿಗೆ ಸಹಿ ಹಾಕೆಂಬ ಒತ್ತಡ ಬಂದಾಗ ಏನು ಮಾಡಬೇಕು

ಕಾರವಾರದ ಕಾಜುಬಾಗ, ಹಬ್ಬುವಾಡ, ಕೋಡಿಬಾಗಗಳಲ್ಲಿ ಬಾಡಿಗೆಗೆ ಕೊಟ್ಟ ಮನೆಗಳ ಮಾಲೀಕರಲ್ಲಿ ಅನೇಕರು ಮುಂಬೈಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ಇರುತ್ತಾರೆ. ಬಾಡಿಗೆಗೆ ಬರುವವರಲ್ಲಿ ನೌಕಾನೆಲೆಯ ಸಿಬ್ಬಂದಿ, ಕೈಗಾ ಸ್ಥಾವರದ ನೌಕರರು, ವರ್ಗವಾಗಿ ಬಂದ ಬ್ಯಾಂಕಿನವರು ಹೆಚ್ಚು. ಮಾಲೀಕರು ಕಣ್ಣೆದುರಿಗಿಲ್ಲ, ಬಾಡಿಗೆದಾರರಿಗೆ ಊರು ಹೊಸತು. ಇವರಿಬ್ಬರ ನಡುವೆ ಕೀಲಿಕೈ, ರಶೀದಿ ಪುಸ್ತಕ ಮತ್ತು ಸಹಿ ಇರುವುದು ಮನೆ ನೋಡಿಕೊಳ್ಳುವವರ ಕೈಯಲ್ಲಿ. ಗೋಕರ್ಣದ ಕಡಲತೀರದ ಕೋಣೆಗಳನ್ನು ನಡೆಸುವವರ ಸ್ಥಿತಿಯೂ, ಶಿರಸಿ ಸೀಮೆಯಲ್ಲಿ ಊರು ಬಿಟ್ಟವರ ಅಡಿಕೆ ತೋಟಗಳನ್ನು ನೋಡಿಕೊಳ್ಳುವವರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.

‘ಸುಳ್ಳು ಲೆಕ್ಕ ಬರೆಯಿರಿ’ ಎಂದು ಯಾರೂ ನೇರವಾಗಿ ಹೇಳುವುದಿಲ್ಲ. ‘ಇದೊಂದು ಸಲ ಸುಧಾರಿಸಿ’, ‘ಬರೆಯುವುದು ನಿಮ್ಮ ಕೈಯಲ್ಲೇ ಇದೆಯಲ್ಲ’, ‘ಏನಾದರೂ ಆದರೆ ನಾನಿದ್ದೇನೆ’ ಎಂಬ ಮಾತುಗಳಲ್ಲಿ ಅದು ಬರುತ್ತದೆ. ಇವುಗಳಲ್ಲಿ ಮೂರನೆಯದನ್ನು ನಂಬುವವರು ಹೆಚ್ಚಾದ್ದರಿಂದ ಅದರ ವಿಚಾರವನ್ನು ಮೊದಲೇ ಹೇಳಬೇಕು. 1872ರ ಭಾರತೀಯ ಕರಾರು ಕಾಯ್ದೆಯ 222 ಮತ್ತು 223ನೆಯ ಕಲಮುಗಳ ಪ್ರಕಾರ, ಏಜೆಂಟನು, ಅಂದರೆ ನಿಮ್ಮಂತೆ ಮಾಲೀಕರ ಪರವಾಗಿ ಕೆಲಸ ಮಾಡುವವನು, ಕಾನೂನುಬದ್ಧವಾಗಿ ಮತ್ತು ಸದ್ಭಾವನೆಯಿಂದ ಮಾಡಿದ ಕೆಲಸದಿಂದ ಅವನಿಗೆ ನಷ್ಟವಾದರೆ ಮಾಲೀಕನೇ ಅದನ್ನು ತುಂಬಿಕೊಡಬೇಕು. ಆದರೆ ಅದರ ಮುಂದಿನ 224ನೆಯ ಕಲಮು, ಮಾಡಿಸಿದ ಕೆಲಸವೇ ಅಪರಾಧವಾಗಿದ್ದರೆ ‘ನಾನಿದ್ದೇನೆ’ ಎಂದು ಸ್ಪಷ್ಟವಾಗಿ ಮಾತು ಕೊಟ್ಟಿದ್ದರೂ ಮಾಲೀಕನು ಏಜೆಂಟನ ನಷ್ಟವನ್ನು ತುಂಬಿಕೊಡಬೇಕಾಗಿಲ್ಲ ಎನ್ನುತ್ತದೆ. ಕಾಗದದ ಮೇಲೆ ಯಾರ ಅಕ್ಷರವಿದೆಯೋ ಅವರೇ ಮೊದಲು ಉತ್ತರ ಹೇಳಬೇಕಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹೇಳುವ ಹೆಜ್ಜೆಗಳೆಲ್ಲದರ ಹಿಂದಿನ ಲೆಕ್ಕ ಒಂದೇ: ನಮ್ಮ ಸಹಿ ಕಾಗದಕ್ಕೆ ಬೀಳುವ ಮೊದಲು, ಹಾಗೆ ಮಾಡಿ ಎಂದವರ ಸೂಚನೆ ಕಾಗದಕ್ಕೆ ಬಂದಿರಬೇಕು.

ಮೊದಲ ಹೆಜ್ಜೆ: ಕೀಲಿಕೈ ತೆಗೆದುಕೊಳ್ಳುವ ಮೊದಲೇ ಕರಾರು

ನಮ್ಮ ಕಡೆ ಈ ಕೆಲಸ ಹೆಚ್ಚಾಗಿ ಪರಿಚಯದ ಮೇಲೆ, ಬಾಯಿಮಾತಿನಲ್ಲಿ ಶುರುವಾಗುತ್ತದೆ. ನೆಂಟರ ಮನೆ, ಗೆಳೆಯರ ಮನೆ ಎಂಬ ದಾಕ್ಷಿಣ್ಯದಲ್ಲಿ ಕಾಗದ ಕೇಳುವುದೇ ಅಪನಂಬಿಕೆಯಂತೆ ಕಾಣುತ್ತದೆ. ವಾಸ್ತವದಲ್ಲಿ, ಮುಂದೆ ‘ಆಗುವುದಿಲ್ಲ’ ಎನ್ನಬೇಕಾಗಿ ಬಂದ ದಿನ ಆ ಮಾತನ್ನು ಸುಲಭ ಮಾಡುವುದು ಈ ಕಾಗದವೇ, ಏಕೆಂದರೆ ಅಂದು ನೀವು ಹೊಸದಾಗಿ ಹಟ ಹಿಡಿದಂತಾಗದೆ ಮೊದಲೇ ಒಪ್ಪಿದ್ದನ್ನು ನೆನಪಿಸಿದಂತಾಗುತ್ತದೆ. ಎರಡು ಪುಟ ಸಾಕು. ತಿಂಗಳ ಸಂಭಾವನೆ ಎಷ್ಟು, ಎಷ್ಟು ರೂಪಾಯಿಯವರೆಗಿನ ದುರಸ್ತಿಯನ್ನು ಕೇಳದೆ ಮಾಡಿಸಬಹುದು, ಬಾಡಿಗೆ ಯಾರ ಖಾತೆಗೆ ಹೋಗಬೇಕು, ಲೆಕ್ಕವನ್ನು ಯಾವ ತಾರೀಕಿನೊಳಗೆ ಕಳುಹಿಸಬೇಕು ಎಂಬುದರ ಜೊತೆಗೆ ಈ ಮೂರು ವಾಕ್ಯಗಳನ್ನು ತಪ್ಪದೆ ಸೇರಿಸಿರಿ: ಹಣದ ಪ್ರತಿಯೊಂದು ವ್ಯವಹಾರಕ್ಕೂ ಅಸಲು ಬಿಲ್ಲು ಅಥವಾ ರಶೀದಿ ಇರುತ್ತದೆ, ಸೂಚನೆಗಳನ್ನು ಬರವಣಿಗೆಯಲ್ಲಿ ಅಥವಾ ವಾಟ್ಸಾಪ್ ಸಂದೇಶದಲ್ಲಿ ಕೊಡತಕ್ಕದ್ದು, ಕಾನೂನಿಗೆ ವಿರುದ್ಧವಾದ ಸೂಚನೆಯನ್ನು ಪಾಲಿಸದಿರುವುದು ಕರಾರಿನ ಉಲ್ಲಂಘನೆಯಲ್ಲ.

ಅದೇ ದಿನ ಕೋಣೆಕೋಣೆಯ ಫೋಟೋ ತೆಗೆದು, ತಾರೀಕಿನ ಸಮೇತ ಮಾಲೀಕರಿಗೂ ಬಾಡಿಗೆದಾರರಿಗೂ ಕಳುಹಿಸಿರಿ. ಕಿಟಕಿಯ ಸರಳುಗಳ ತುಕ್ಕು, ನಲ್ಲಿಯ ಸೋರಿಕೆ, ಚಿರೆಕಲ್ಲಿನ ಗೋಡೆಯ ತೇವ, ಹಂಚಿನ ಬಿರುಕು, ಯಾವುದನ್ನೂ ಬಿಡಬಾರದು. ಈ ಫೋಟೋಗಳ ಬೆಲೆ ಠೇವಣಿ ಹಿಂತಿರುಗಿಸುವ ದಿನ ತಿಳಿಯುತ್ತದೆ.

ಎರಡನೆಯ ಹೆಜ್ಜೆ: ಒತ್ತಡವನ್ನು ಅದರ ವೇಷದಲ್ಲೇ ಗುರುತಿಸುವುದು

ಕಾರವಾರದಲ್ಲಿ ಅತಿ ಸಾಮಾನ್ಯವಾದದ್ದು ಠೇವಣಿಯ ವಿಷಯ. ನೌಕಾಪಡೆಯವರಿಗೆ ವರ್ಗಾವಣೆಯ ಆದೇಶ ಬಂದ ಮೇಲೆ ಸಾಮಾನು ಕಟ್ಟುವುದಕ್ಕೇ ಪುರುಸೊತ್ತಿರುವುದಿಲ್ಲ. ಅವರು ಜಗಳಕ್ಕೆ ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆಗ ಮಾಲೀಕರಿಂದ ‘ಬಣ್ಣಕ್ಕೆಂದು ಒಂದಿಷ್ಟು ಹಿಡಿದು ಉಳಿದದ್ದು ಕೊಡಿ’ ಎಂಬ ಫೋನು ಬರುತ್ತದೆ. ಆಷಾಢದ ಮಳೆಯಲ್ಲಿ ಗೋಡೆಗೆ ಹಿಡಿದ ಬೂಷ್ಟು, ಉಪ್ಪುಗಾಳಿಗೆ ತುಕ್ಕು ತಿಂದ ಗ್ರಿಲ್ಲು ಬಾಡಿಗೆದಾರ ಮಾಡಿದ ಹಾನಿಯಲ್ಲ. 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 108ನೆಯ ಕಲಮು, ಮನೆಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಹೊಣೆಯನ್ನು ಬಾಡಿಗೆದಾರನಿಗೆ ವಹಿಸುವಾಗಲೇ, ಸಹಜ ಸವೆತವನ್ನೂ ತಡೆಯಲಾಗದ ಕಾರಣಗಳಿಂದಾದ ಬದಲಾವಣೆಯನ್ನೂ ಅದರಿಂದ ಹೊರಗಿಟ್ಟಿದೆ. ಇಲ್ಲದ ಹಾನಿಯನ್ನು ಪಟ್ಟಿಯಲ್ಲಿ ಬರೆದು ಸಹಿ ಹಾಕಿದರೆ ಅದು ಮಾಲೀಕರ ಹಟವಾಗಿ ಉಳಿಯುವುದಿಲ್ಲ, ನಿಮ್ಮ ಹೇಳಿಕೆಯಾಗುತ್ತದೆ.

ಇನ್ನೊಂದು ಹೊಸದು. 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದ ಮೇಲೆ ಅನೇಕ ಬಾಡಿಗೆ ಮನೆಗಳಿಗೆ ಹೆಸ್ಕಾಂನಿಂದ ಶೂನ್ಯ ಬಿಲ್ಲು ಬರುತ್ತಿದೆ. ಬಿಲ್ಲು ಶೂನ್ಯವಿದ್ದರೂ ‘ಕರೆಂಟಿನ ಬಾಬ್ತು’ ಎಂದು ತಿಂಗಳು ತಿಂಗಳು ಹಿಂದಿನಂತೆಯೇ ವಸೂಲು ಮಾಡಿ ಎಂದು ಹೇಳುವವರಿದ್ದಾರೆ. ಬಾಡಿಗೆಯನ್ನೇ ಅಷ್ಟು ಹೆಚ್ಚಿಸುವುದು ಮಾಲೀಕರ ಇಷ್ಟ, ಕರಾರಿನಂತೆ ಅದನ್ನು ಕೇಳಬಹುದು. ಕೊಡದ ಬಿಲ್ಲಿನ ಹೆಸರಿನಲ್ಲಿ ಹಣ ಪಡೆಯುವುದು ಮೋಸ. ಮೊತ್ತ ಸಣ್ಣದೆಂಬ ಕಾರಣಕ್ಕೆ ಇದನ್ನು ಹಗುರವಾಗಿ ತೆಗೆದುಕೊಳ್ಳುವವರನ್ನು ಕಂಡಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಸಣ್ಣ ಮೊತ್ತದ ಸುಳ್ಳೇ ಹೆಚ್ಚು ಅಪಾಯದ್ದು, ಏಕೆಂದರೆ ಅದು ಪ್ರತಿ ತಿಂಗಳೂ ರಶೀದಿ ಪುಸ್ತಕದಲ್ಲಿ ನಿಮ್ಮ ಕೈಬರಹದಲ್ಲೇ ಸೇರುತ್ತಾ ಹೋಗುತ್ತದೆ.

ಬಾಡಿಗೆ ರಶೀದಿಯ ಒತ್ತಡ ಎರಡೂ ಕಡೆಯಿಂದ ಬರುತ್ತದೆ. ಮಾಲೀಕರಿಗೆ ತೆರಿಗೆ ಉಳಿಸಲು ಕಡಿಮೆ ಮೊತ್ತದ ಕರಾರು ಬೇಕು, ನೌಕರಿಯಲ್ಲಿರುವ ಬಾಡಿಗೆದಾರರಿಗೆ ಮನೆ ಬಾಡಿಗೆ ಭತ್ಯೆಯ ರಿಯಾಯಿತಿಗಾಗಿ ಹೆಚ್ಚಿನ ಮೊತ್ತದ ರಶೀದಿ ಬೇಕು. ವರ್ಷದ ಬಾಡಿಗೆ ಒಂದು ಲಕ್ಷ ರೂಪಾಯಿ ದಾಟಿದರೆ ನೌಕರನು ಮಾಲೀಕರ ಪ್ಯಾನ್ ಸಂಖ್ಯೆಯನ್ನು ಕೊಡಬೇಕಾಗುವುದರಿಂದ ಎರಡು ಕಡೆಯ ಅಂಕಿಗಳು ಒಂದಲ್ಲ ಒಂದು ದಿನ ಎದುರುಬದುರಾಗುತ್ತವೆ. ಮಾಲೀಕರು ಅನಿವಾಸಿ ಭಾರತೀಯರಾಗಿದ್ದರೆ ಬಾಡಿಗೆ ಕೊಡುವವರೇ ಅದರಲ್ಲಿ ತೆರಿಗೆ ಹಿಡಿದು ಕಟ್ಟಬೇಕೆಂಬ ನಿಯಮವಿದೆ. ಅದನ್ನು ತಪ್ಪಿಸಲು ಊರಿನಲ್ಲಿರುವ ತಮ್ಮನ ಹೆಸರಿನಲ್ಲಿ ಕರಾರು ಬರೆಸುವುದು ಭಟ್ಕಳದಿಂದ ಕಾರವಾರದವರೆಗೆ ಯಾರಿಗೂ ಹೊಸ ಸಂಗತಿಯಲ್ಲ. ಆಸ್ತಿ ಯಾರದ್ದು ಎಂಬುದು ಗೊತ್ತಿದ್ದೂ ಬೇರೆಯವರನ್ನು ಮಾಲೀಕರೆಂದು ತೋರಿಸುವ ಕರಾರಿಗೆ ಸಾಕ್ಷಿಯಾಗಿ ಕೂಡ ಸಹಿ ಹಾಕಬೇಡಿರಿ.

ಗೋಕರ್ಣದ ಕಡೆ ಕೋಣೆಗಳನ್ನು ನಡೆಸುವವರಿಗೆ ವಿದೇಶಿ ಅತಿಥಿಗಳ ಪ್ರಶ್ನೆ ಎದುರಾಗುತ್ತದೆ. ಅವರು ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಜನ ಇದನ್ನು ‘ಸಿ ಫಾರ್ಮ್’ ಎಂದೇ ಕರೆಯುತ್ತಾರೆ. ವೀಸಾ ಮುಗಿದವರನ್ನು ಪುಸ್ತಕದಲ್ಲಿ ಬರೆಯದೆ ಇಟ್ಟುಕೊಳ್ಳಿ ಎಂಬ ಸೂಚನೆ ಬಂದರೆ ಅಲ್ಲಿ ಚರ್ಚೆಗೆ ಅವಕಾಶವೇ ಇಲ್ಲ. ಕರಾವಳಿ ನಿಯಂತ್ರಣ ವಲಯದೊಳಗೆ, ಅಂದರೆ ಸಾಮಾನ್ಯವಾಗಿ ಸಮುದ್ರದ ಭರತದ ಗೆರೆಯಿಂದ 500 ಮೀಟರಿನ ಒಳಗೆ, ಹೊಸ ಕೋಣೆ ಕಟ್ಟಿಸಿ ಬಿಲ್ಲಿನಲ್ಲಿ ‘ಹಳೆಯ ಮಾಡಿನ ದುರಸ್ತಿ’ ಎಂದು ಬರೆಸುವುದೂ ಇದೇ ಸಾಲಿಗೆ ಸೇರುತ್ತದೆ.

ಶಿರಸಿಯ ತೋಟಗಳಲ್ಲಿ ರೂಪ ಬೇರೆ. 1974ರ ಮಾರ್ಚ್ 1ರ ನಂತರ ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ, ಸೈನಿಕರು ಮತ್ತು ನಾವಿಕರಿಗಿರುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅವಕಾಶವಿಲ್ಲ. ಹೀಗಿರುವಾಗ ತೋಟವನ್ನೇ ವರ್ಷಗಟ್ಟಲೆ ಒಬ್ಬರಿಗೆ ಬಿಟ್ಟುಕೊಟ್ಟು ಕಾಗದದಲ್ಲಿ ‘ಕೂಲಿ ಕರಾರು’ ಎಂದು ಬರೆಸುವಾಗ ನಡುವಿನವರಾಗಿ ನಿಮ್ಮ ಹೆಸರನ್ನು ಹಾಕುತ್ತಾರೆ. ಒಂದು ವರ್ಷದ ಫಸಲನ್ನು ಮಾತ್ರ ಗುತ್ತಿಗೆಗೆ ಕೊಡುವುದೇ ಬೇರೆ. ಏನು ಮಾಡುತ್ತಿದ್ದೀರೋ ಅದನ್ನೇ ಬರೆಯಿರಿ, ತೂಕದ ಚೀಟಿ ಮತ್ತು ವ್ಯಾಪಾರದ ಪಟ್ಟಿಯನ್ನು ಲೆಕ್ಕಕ್ಕೆ ಲಗತ್ತಿಸಿರಿ.

ಇವೆಲ್ಲಕ್ಕಿಂತ ಬಿಗಿಯಾದ ಸನ್ನಿವೇಶ ಮಾಲೀಕರು ತೀರಿಕೊಂಡಾಗ ಹುಟ್ಟುತ್ತದೆ, ಮತ್ತು ಇದರಲ್ಲಿ ಒಳ್ಳೆಯವರೂ ತಿಳಿಯದೆ ಸಿಕ್ಕಿಬೀಳುತ್ತಾರೆ. ತಂದೆ ಮುಂಬೈಯಲ್ಲಿ ತೀರಿಕೊಂಡಿದ್ದಾರೆ, ನಿಮ್ಮ ಬಳಿ ಅವರು ಬರೆದುಕೊಟ್ಟ ಮುಖ್ತ್ಯಾರಪತ್ರವಿದೆ (ಪವರ್ ಆಫ್ ಅಟಾರ್ನಿ), ಮಕ್ಕಳಲ್ಲಿ ಒಬ್ಬರು ಫೋನು ಮಾಡಿ ‘ಸದ್ಯಕ್ಕೆ ಅದರ ಮೇಲೆಯೇ ನಡೆಸಿ, ಬಾಡಿಗೆಯನ್ನು ನನ್ನ ಖಾತೆಗೆ ಹಾಕಿ, ಅಕ್ಕನಿಗೆ ನಾನೇ ಹೇಳುತ್ತೇನೆ’ ಎನ್ನುತ್ತಾರೆ. ಕರಾರು ಕಾಯ್ದೆಯ 201ನೆಯ ಕಲಮಿನಂತೆ ಮಾಲೀಕರ ಮರಣದೊಂದಿಗೆ ಏಜೆನ್ಸಿ ಕೊನೆಗೊಳ್ಳುತ್ತದೆ. ಆ ಸುದ್ದಿ ನಿಮಗೆ ತಿಳಿದ ಕ್ಷಣದಿಂದ ಮುಖ್ತ್ಯಾರಪತ್ರದ ಬಲದಲ್ಲಿ ಹೊಸ ಕರಾರು, ಕಚೇರಿಯ ಅರ್ಜಿ, ಮಾರಾಟ ಯಾವುದನ್ನೂ ಮಾಡುವಂತಿಲ್ಲ. ಹಾಗೆಂದು ಮನೆಗೆ ಬೀಗ ಹಾಕಿ ಹೊರಡುವುದೂ ಸಲ್ಲ. 209ನೆಯ ಕಲಮು, ಮೃತರ ವಾರಸುದಾರರ ಪರವಾಗಿ ಆಸ್ತಿಯ ಹಿತವನ್ನು ಕಾಪಾಡಲು ತಕ್ಕ ಕ್ರಮಗಳನ್ನೆಲ್ಲ ಕೈಗೊಳ್ಳಬೇಕೆಂದು ಏಜೆಂಟನಿಗೇ ಹೇಳುತ್ತದೆ. ಮಳೆಗಾಲಕ್ಕೆ ಮುಂಚಿನ ಹಂಚಿನ ಕೆಲಸ, ಚರಂಡಿ, ನೀರಿನ ಬಿಲ್ಲು ಇವುಗಳನ್ನು ನಡೆಸಿರಿ. ಬಂದ ಬಾಡಿಗೆಯನ್ನು ನಿಮ್ಮ ಸ್ವಂತ ಹಣದೊಂದಿಗೆ ಬೆರೆಸದೆ ಪ್ರತ್ಯೇಕ ಖಾತೆಯಲ್ಲಿ ಇಡಿರಿ. ನಿಮಗೆ ಗೊತ್ತಿರುವ ಎಲ್ಲ ಮಕ್ಕಳಿಗೂ ಒಂದೇ ದಿನ, ಒಂದೇ ಒಕ್ಕಣೆಯಲ್ಲಿ ಪತ್ರ ಬರೆದು, ವಂಶವೃಕ್ಷದ ಪ್ರತಿ ಮತ್ತು ಎಲ್ಲರ ಒಪ್ಪಿಗೆ ಬಂದ ಮೇಲೆ ಹಣ ವಿಲೇವಾರಿಯಾಗುವುದೆಂದು ತಿಳಿಸಿರಿ. ಮೊದಲು ಫೋನು ಮಾಡಿದವರಿಗೆ ಇದು ಹಿಡಿಸುವುದಿಲ್ಲ. ಆದರೆ ನಾಳೆ ಪಾಲಿನ ದಾವೆ ಕಾರವಾರದ ನ್ಯಾಯಾಲಯಕ್ಕೆ ಬಂದಾಗ ನಿಮ್ಮನ್ನು ಸಾಕ್ಷಿಯಾಗಿ ಕರೆಯುತ್ತಾರೋ ಪ್ರತಿವಾದಿಯಾಗಿ ಕರೆಯುತ್ತಾರೋ ಎಂಬುದನ್ನು ಬಹುಮಟ್ಟಿಗೆ ಈ ಪತ್ರವೇ ತೀರ್ಮಾನಿಸುತ್ತದೆ.

ಮೂರನೆಯ ಹೆಜ್ಜೆ: ಫೋನಿನಲ್ಲಿ ಉತ್ತರ ಕೊಡದೆ ಬರೆದು ಕೇಳುವುದು

ಒತ್ತಡ ಹೇರುವವರು ಬರೆಯುವುದಿಲ್ಲ, ಫೋನು ಮಾಡುತ್ತಾರೆ. ಫೋನಿನಲ್ಲಿ ‘ಆಯಿತು’ ಎಂದೂ ಹೇಳಬೇಡಿರಿ, ‘ಆಗುವುದಿಲ್ಲ’ ಎಂದೂ ಹೇಳಬೇಡಿರಿ. ‘ಕಾಗದಪತ್ರ ನೋಡಿ ತಿಳಿಸುತ್ತೇನೆ’ ಎಂದಷ್ಟೇ ಹೇಳಿ ಇಡಿರಿ. ಅದೇ ದಿನ ಸಂದೇಶ ಕಳುಹಿಸಿರಿ. ಅದರಲ್ಲಿ ಆರೋಪದ ಮಾತಾಗಲಿ ಉಪದೇಶವಾಗಲಿ ಇರಕೂಡದು. ಒಂದು ಮಾದರಿ ಹೀಗಿರಬಹುದು:

‘ನಮಸ್ಕಾರ. ಇಂದು ಬೆಳಿಗ್ಗೆ ಫೋನಿನಲ್ಲಿ ತಾವು ಹೇಳಿದ್ದನ್ನು ನಾನು ಹೀಗೆ ತಿಳಿದುಕೊಂಡಿದ್ದೇನೆ: ಮೇಲ್ಮಹಡಿಯವರ ಠೇವಣಿಯಿಂದ ಬಣ್ಣದ ಬಾಬ್ತು 18,000 ರೂಪಾಯಿ ಹಿಡಿಯಬೇಕು. ಅವರು ಮನೆಗೆ ಬಂದ ದಿನದ ಫೋಟೋದಲ್ಲಿ ಪಶ್ಚಿಮದ ಗೋಡೆಯ ತೇವ ಮೊದಲೇ ಇರುವುದು ಕಾಣುತ್ತದೆ, ಪ್ರತಿ ಲಗತ್ತಿಸಿದ್ದೇನೆ. ಹೀಗಿರುವಾಗ ಯಾವ ಹಾನಿಗಾಗಿ ಹಿಡಿಯಬೇಕೆಂಬುದನ್ನು ದಯವಿಟ್ಟು ಬರೆದು ತಿಳಿಸಿರಿ. ಅಲ್ಲಿಯವರೆಗೆ ಪೂರ್ಣ ಠೇವಣಿ ಹಿಂತಿರುಗಿಸುವ ಪಟ್ಟಿಯನ್ನೇ ಸಿದ್ಧವಾಗಿಟ್ಟಿರುತ್ತೇನೆ.’

ಇಂಥ ಸಂದೇಶಕ್ಕೆ ಬರುವ ಉತ್ತರ ಹೆಚ್ಚಾಗಿ ‘ಹೋಗಲಿ ಬಿಡಿ’ ಎಂಬುದೇ. ಬಾಯಲ್ಲಿ ಸಲೀಸಾಗಿ ಹೇಳಿದ ಮಾತು ಅಕ್ಷರದಲ್ಲಿ ಕಂಡಾಗ ಹೇಳಿದವರಿಗೇ ಮುಜುಗರವಾಗುತ್ತದೆ, ಜಗಳವಿಲ್ಲದೆ ಹಿಂದೆ ಸರಿಯಲು ಅವರಿಗೆ ದಾರಿಯೂ ಸಿಗುತ್ತದೆ. ಉತ್ತರವೇ ಬರದಿದ್ದರೆ ಎರಡು ದಿನ ಬಿಟ್ಟು ‘ಬೇರೆ ಸೂಚನೆ ಬಾರದ ಕಾರಣ ಕರಾರಿನಂತೆ ಪೂರ್ಣ ಠೇವಣಿ ಕೊಡುತ್ತಿದ್ದೇನೆ’ ಎಂದು ಬರೆದು ಹಾಗೆಯೇ ಮಾಡಿರಿ. ಸಂದೇಶಗಳನ್ನು ಅಳಿಸಬೇಡಿರಿ, ವಿದ್ಯುನ್ಮಾನ ದಾಖಲೆಯನ್ನು ತಕ್ಕ ಪ್ರಮಾಣಪತ್ರದೊಂದಿಗೆ ನ್ಯಾಯಾಲಯದಲ್ಲಿ ಹಾಜರುಪಡಿಸಬಹುದು, ಅದಕ್ಕಾಗಿ ಮೂಲ ಫೋನು ನಿಮ್ಮ ಬಳಿ ಉಳಿದಿರುವುದು ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಬರಿಯ ‘ಇಲ್ಲ’ದ ಬದಲು ಸರಿಯಾದ ದಾರಿಯನ್ನೂ ತೋರಿಸುವುದು

ಮಾಲೀಕರ ಬೇಡಿಕೆಯ ಹಿಂದೆ ಅನೇಕ ಸಲ ನಿಜವಾದ ಅಡಚಣೆಯೇ ಇರುತ್ತದೆ. ತೆರಿಗೆ ಭಾರವೆನ್ನುವವರಿಗೆ, ಬಾಡಿಗೆ ಆದಾಯದಲ್ಲಿ ಕಟ್ಟಿದ ಮನೆ ತೆರಿಗೆಯನ್ನು ಕಳೆದ ಮೇಲೆ ಉಳಿದದ್ದರ ಶೇಕಡಾ 30ರಷ್ಟು ಕಡಿತ ಯಾವ ಬಿಲ್ಲೂ ಇಲ್ಲದೆ ಕಾನೂನಿನಂತೆಯೇ ಸಿಗುತ್ತದೆಂದು ಹೇಳಿ, ಲೆಕ್ಕಪರಿಶೋಧಕರನ್ನು ಕಾಣಲು ಸೂಚಿಸಬಹುದು. ಬಣ್ಣದ ಖರ್ಚು ಹೆಚ್ಚಾಯಿತೆನ್ನುವವರಿಗೆ, ಮುಂದಿನ ಕರಾರಿನಲ್ಲಿ ಮನೆ ಬಿಡುವಾಗ ಇಂತಿಷ್ಟು ಕೊಡಬೇಕೆಂದು ಮೊದಲೇ ಬರೆಯೋಣ ಎನ್ನಬಹುದು; ಬಾಡಿಗೆದಾರರು ಓದಿ ಒಪ್ಪಿದ್ದರೆ ಅದರಲ್ಲಿ ಮೋಸವಿಲ್ಲ.

ಒಂದು ಬಗೆಯ ಸುಳ್ಳಿಗೆ ಮಾತ್ರ ಇಂಥ ಬದಲಿ ದಾರಿ ಸಿಗುವುದಿಲ್ಲ. ಮನೆ ಕೇಳಲು ಬಂದವರ ಜಾತಿ, ಧರ್ಮ ತಿಳಿದ ಮೇಲೆ ‘ಮನೆ ಹೋಯಿತೆಂದು ಹೇಳಿಬಿಡಿ’ ಎನ್ನುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಖಾಲಿ ಮನೆಯನ್ನು ಹೋಯಿತೆಂದು ನಾನು ಹೇಳುವುದಿಲ್ಲ, ಹೇಳಬೇಕಾದ್ದನ್ನು ತಾವೇ ಹೇಳಿ ಎಂದು ಮಾಲೀಕರ ನಂಬರನ್ನು ಕೊಡುವುದು ನಾನು ಕಂಡ ಮಟ್ಟಿಗೆ ಉಳಿಯುವ ಒಂದೇ ದಾರಿ.

ಐದನೆಯ ಹೆಜ್ಜೆ: ನಮ್ಮ ಕಡೆಯ ಲೆಕ್ಕ

ಮಾಲೀಕರಿಗೆ ‘ಆಗುವುದಿಲ್ಲ’ ಎನ್ನಬೇಕಾದರೆ ನಮ್ಮ ಪುಸ್ತಕ ಚೊಕ್ಕವಾಗಿರಬೇಕು. ಪ್ಲಂಬರ್, ಬಣ್ಣದವರು, ಹಂಚಿಗೆ ಕೈಯಾಡಿಸುವವರು ಬಿಲ್ಲಿನ ಮೇಲೆ ಒಂದಿಷ್ಟು ಸೇರಿಸಿ ‘ಇದು ನಿಮ್ಮದು’ ಎಂದು ಕೊಡುವ ರೂಢಿ ಈ ವೃತ್ತಿಯಲ್ಲಿ ಬೇರೂರಿದೆ. ಅದನ್ನು ತೆಗೆದುಕೊಂಡವರನ್ನು ಮಾಲೀಕರು ಯಾವಾಗ ಬೇಕಾದರೂ ಬಗ್ಗಿಸಬಹುದು. ಮಾಲೀಕರಿಗೆ ತಿಳಿಸದೆ ಏಜೆಂಟನು ಅದೇ ವ್ಯವಹಾರದಲ್ಲಿ ತನಗಾಗಿ ಮಾಡಿಕೊಂಡ ಲಾಭವನ್ನು ಮಾಲೀಕರು ಕೇಳಿ ಪಡೆಯಬಹುದು ಎಂದು ಕರಾರು ಕಾಯ್ದೆಯ 216ನೆಯ ಕಲಮು ಹೇಳುತ್ತದೆ; ವಹಿಸಿಕೊಟ್ಟ ಹಣವನ್ನು ಅಪ್ರಾಮಾಣಿಕವಾಗಿ ಬಳಸಿದರೆ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನಡಿ ಏಜೆಂಟನಿಗಿರುವ ಶಿಕ್ಷೆ ಸಾಮಾನ್ಯರಿಗಿಂತ ಕಠಿಣ, ಹತ್ತು ವರ್ಷದವರೆಗಿನ ಸೆರೆವಾಸ ಅಥವಾ ಜೀವಾವಧಿ. ಮೇಲ್ವಿಚಾರಣೆಗೆ ಹಣ ಬೇಕೆನಿಸಿದರೆ ‘ದುರಸ್ತಿ ಮೊತ್ತದ ಮೇಲೆ ಶೇಕಡಾ ಇಷ್ಟು’ ಎಂದು ಕರಾರಿನಲ್ಲೇ ಬರೆಸಿಕೊಳ್ಳಿರಿ. ಕೇಳಿದರೆ ಬಹಳ ಜನ ಮಾಲೀಕರು ಕೊಡುತ್ತಾರೆ.

ಆರನೆಯ ಹೆಜ್ಜೆ: ಕಚೇರಿಯ ಮೇಜಿನ ಮುಂದೆ

ಖಾತೆ ಬದಲಾವಣೆ, ಇ-ಸ್ವತ್ತು, ತೆರಿಗೆ ತಿದ್ದುಪಡಿಗಳಿಗೆ ಓಡಾಡುವವರು ನೀವಾದ್ದರಿಂದ ‘ಏನಾದರೂ ಕೊಟ್ಟು ಮುಗಿಸಿ, ಇತರೆ ಖರ್ಚು ಎಂದು ಬರೆಯಿರಿ’ ಎಂಬ ಸೂಚನೆಯೂ ನಿಮಗೇ ಬರುತ್ತದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಏಳು ವರ್ಷದವರೆಗೆ ಸೆರೆವಾಸವಿರುವ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಡಬೇಕಾಗಿ ಬಂದರೆ ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ರಕ್ಷಣೆಯಿದೆ. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ತಿಳಿಸುವುದು ಇನ್ನೂ ಸುರಕ್ಷಿತ. ಅಷ್ಟು ದೂರ ಹೋಗುವ ಮೊದಲು ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕೆನ್ನುವ ‘ಸಕಾಲ’ದ ವ್ಯಾಪ್ತಿಯ ಸೇವೆಗೆ ಅರ್ಜಿ ಕೊಟ್ಟು ಸ್ವೀಕೃತಿಯ ಸಂಖ್ಯೆ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವಿದೆ. ಮೊತ್ತ ನಗಣ್ಯವಾದರೂ, ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತೆಂಬುದು ದಾಖಲಾಗುವುದೇ ಅಲ್ಲಿನ ಪ್ರಯೋಜನ, ಮಾಲೀಕರಿಗೆ ತಡದ ಕಾರಣ ತೋರಿಸಲು ನಿಮಗೂ ಅದು ಆಧಾರ.

ಏಳನೆಯ ಹೆಜ್ಜೆ: ಸಂಸ್ಥೆಯಲ್ಲಿ ನೌಕರಿಗಿರುವವರು

ನೀವು ಒಂದು ಆಸ್ತಿ ನಿರ್ವಹಣಾ ಸಂಸ್ಥೆಯ ಸಂಬಳದ ನೌಕರರಾಗಿದ್ದರೆ ಒತ್ತಡ ಮೇಲಧಿಕಾರಿಯದು, ಪರಿಸ್ಥಿತಿ ಹೆಚ್ಚು ಕಷ್ಟದ್ದು. ಮನೆಯ ಕಂತು, ಮಕ್ಕಳ ಶುಲ್ಕಗಳ ಎದುರು ಒಣ ಧೈರ್ಯ ಹೇಳುವುದು ಸುಲಭವೆಂಬುದು ನನಗೂ ಗೊತ್ತು. ಆದರೂ ತಿಳಿದಿರಬೇಕಾದದ್ದು, ನ್ಯಾಯ ಸಂಹಿತೆಯ 344ನೆಯ ಕಲಮು ಗುಮಾಸ್ತ, ಅಧಿಕಾರಿ ಅಥವಾ ನೌಕರನಾಗಿ ಉದ್ದೇಶಪೂರ್ವಕವಾಗಿ, ಮೋಸದ ಸಲುವಾಗಿ ಲೆಕ್ಕ ತಿದ್ದಿದವರನ್ನೇ ಹಿಡಿಯುತ್ತದೆ, ಏಳು ವರ್ಷದವರೆಗೆ ಶಿಕ್ಷೆಯಿದೆ. ‘ಮೇಲಿನವರು ಹೇಳಿದರು’ ಎಂಬುದು ಅಲ್ಲಿ ಬಿಡುಗಡೆಯ ಮಾತಲ್ಲ. ಸೂಚನೆಯನ್ನು ಇ-ಮೇಲಿನಲ್ಲಿ ದೃಢಪಡಿಸಲು ಕೇಳಿರಿ. ಅವರ ಮೇಲಿನವರಿಗೆ ವಾಸ್ತವಾಂಶವನ್ನಷ್ಟೇ ಬರೆಯಿರಿ. ನಿಮ್ಮ ಹೆಸರಿನಲ್ಲಿ ಬೇರೆಯವರು ತಂತ್ರಾಂಶದಲ್ಲಿ ನಮೂದು ಮಾಡದಂತೆ ಪಾಸ್‌ವರ್ಡನ್ನು ಯಾರಿಗೂ ಕೊಡಬೇಡಿರಿ. ಕೊನೆಯದು ಕ್ಷುಲ್ಲಕವೆನಿಸಬಹುದು. ಸಣ್ಣ ಕಚೇರಿಗಳಲ್ಲಿ ಒಂದೇ ಪಾಸ್‌ವರ್ಡ್ ನಾಲ್ವರ ಬಳಿ ಇರುತ್ತದೆ, ಯಾರು ಬರೆದದ್ದೆಂಬ ಪ್ರಶ್ನೆ ಬಂದಾಗ ನಾಲ್ವರೂ ತಲೆ ತಗ್ಗಿಸಿ ನಿಲ್ಲುತ್ತಾರೆ. ಈ ನಡುವೆಯೇ ಬೇರೆ ಕೆಲಸ ಹುಡುಕತೊಡಗುವುದರಲ್ಲಿ ತಪ್ಪೇನಿಲ್ಲ.

ಎಂಟನೆಯ ಹೆಜ್ಜೆ: ಬಿಡಲೇಬೇಕಾದಾಗ ಬಿಡುವ ಕ್ರಮ

ಬರೆದು ಕೇಳಿದ ಮೇಲೂ ಅದೇ ಬೇಡಿಕೆ ಎರಡನೆಯ ಸಲ ಬಂದರೆ ಆ ಆಸ್ತಿಯನ್ನು ಬಿಡುವುದು ಒಳ್ಳೆಯದು. ಕೋಪದಲ್ಲಿ ಬಿಡಬಾರದು, ಸಕಾಲಿಕ ಸೂಚನೆಯಿಲ್ಲದೆ ಕೈಬಿಟ್ಟು ಅದರಿಂದ ಮಾಲೀಕರಿಗೆ ನಷ್ಟವಾದರೆ ಕರಾರು ಕಾಯ್ದೆಯ 206ನೆಯ ಕಲಮಿನಂತೆ ನೀವೇ ತುಂಬಿಕೊಡಬೇಕಾಗುತ್ತದೆ. ಒಂದು ತಿಂಗಳ ಮುಂಚಿತ ಪತ್ರ ಸಾಮಾನ್ಯವಾಗಿ ಸಾಕು. ಜೂನ್ ತಿಂಗಳ ಮಳೆ ಹಿಡಿದ ಮೇಲೆ ಬಿಡುವುದಾದರೆ ಮಾಡು, ಮೋರಿ, ಪಂಪಿನ ಸ್ಥಿತಿಯನ್ನೂ ಪತ್ರದಲ್ಲಿ ಬರೆಯಿರಿ.

ಹಸ್ತಾಂತರದ ದಿನ ಕೀಲಿಕೈಗಳ ಎಣಿಕೆ, ಮೀಟರಿನ ಅಂಕಿ, ಕೈಯಲ್ಲಿರುವ ನಗದು, ಬಾಕಿ ಬಿಲ್ಲು, ಠೇವಣಿಗಳ ವಿವರವನ್ನು ಒಂದೇ ಹಾಳೆಯಲ್ಲಿ ಬರೆದು ಎರಡು ಪ್ರತಿಗಳಿಗೂ ಸಹಿ ಪಡೆಯಿರಿ. ನಿಮಗೆ ಬರಬೇಕಾದ ಸಂಭಾವನೆ ಬಾಕಿಯಿದ್ದರೆ, ಕರಾರಿನಲ್ಲಿ ಬೇರೆ ರೀತಿ ಹೇಳಿಲ್ಲದಿರುವಾಗ, ಅದು ತೀರುವವರೆಗೆ ಮಾಲೀಕರ ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕನ್ನು 221ನೆಯ ಕಲಮು ಕೊಡುತ್ತದೆ. ಆದರೂ ಕೀಲಿಕೈಯನ್ನು ಹಿಡಿದಿಡಬೇಡಿರಿ ಎಂದೇ ನನ್ನ ಸಲಹೆ. ಠಾಣೆಯಲ್ಲಿ ಮೊದಲು ಕೇಳುವುದು ಕೀಲಿಕೈ ಯಾರ ಬಳಿ ಇದೆ ಎಂಬುದನ್ನೇ. ಬಾಡಿಗೆದಾರರಿಗೆ ‘ಇಂದಿನಿಂದ ನಾನು ಹಣ ಸ್ವೀಕರಿಸುವುದಿಲ್ಲ’ ಎಂದಷ್ಟೇ ತಿಳಿಸಿರಿ, ಕಾರಣ ಹೇಳುವ ಅಗತ್ಯವಿಲ್ಲ. ಮಾಲೀಕರು ಬೆದರಿಕೆ ಹಾಕಿದರೆ ಅಥವಾ ನಿಮ್ಮ ಮೇಲೆಯೇ ದೂರು ಕೊಟ್ಟರೆ ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೂ ತಾಲೂಕು ನ್ಯಾಯಾಲಯಗಳಲ್ಲಿ ಅದರ ಸಮಿತಿಗಳೂ ಇವೆ, 15100 ಸಹಾಯವಾಣಿಯಿದೆ. ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಹೋಗುವಾಗ ಕರಾರು, ಸಂದೇಶಗಳಿರುವ ಫೋನು ಮತ್ತು ಹಸ್ತಾಂತರದ ಹಾಳೆಯನ್ನು ತೆಗೆದುಕೊಂಡು ಹೋಗಿರಿ.